ಸ್ತನ ಕ್ಯಾನ್ಸರ್‌ನ ಪ್ರಾಯೋಗಿಕ ಜೀನ್ ಚಿಕಿತ್ಸೆಯ ನಿಗಾಕ್ಕೆ ಯಾವ ಚಿತ್ರಣ (ಸ್ಕ್ಯಾನ್) ಸೂಕ್ತ?

ಗೆಡ್ಡೆ ಕುಗ್ಗಿತೇ ಎಂದು ನೋಡುವುದಕ್ಕೂ, ಚಿಕಿತ್ಸೆಗಾಗಿ ಸೇರಿಸಿದ ಜೀನ್ ಅಲ್ಲಿ ತಲುಪಿ ಕೆಲಸ ಆರಂಭಿಸಿದೆಯೇ ಎಂದು ನೋಡುವುದಕ್ಕೂ ಬೇರೆ ಬೇರೆ ಸಾಧನಗಳು ಬೇಕು. ಮೊದಲನೆಯದಕ್ಕೆ ಎಂಆರ್‌ಐ ಸಾಟಿಯಿಲ್ಲದ್ದು: ಎಕ್ಸ್-ರೇಯಂಥ ವಿಕಿರಣವಿಲ್ಲ, ಮಿಲಿಮೀಟರ್ ಮಟ್ಟದ ವಿವರ ಸಿಗುತ್ತದೆ, ಮತ್ತೆ ಮತ್ತೆ ಮಾಡಬಹುದು. ಆದರೆ ಜೀನ್‌ನ ಚಟುವಟಿಕೆಯನ್ನು ನೇರವಾಗಿ ಗುರುತಿಸುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ.

ಎರಡನೆಯ ಪ್ರಶ್ನೆಗೆ ವರದಿಗಾರ ಜೀನ್ (ತನ್ನ ಚಟುವಟಿಕೆಯನ್ನು ಸ್ಕ್ಯಾನ್‌ನಲ್ಲಿ ಕಾಣುವಂತೆ ಮಾಡುವ ಜೀನ್) ಆಧಾರಿತ ಪೆಟ್ ಸ್ಕ್ಯಾನ್ (ದೇಹಕ್ಕೆ ನೀಡಿದ ವಿಕಿರಣಶೀಲ ಅಣು ಎಲ್ಲಿ ಸೇರಿದೆ ಎಂದು ತೋರಿಸುವ ಚಿತ್ರಣ) ಸೂಕ್ತ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಥೈಮಿಡಿನ್ ಕೈನೇಸ್ ಜೀನ್ ಬಳಸಿದರೆ, ಅದರಿಂದ ತಯಾರಾಗುವ ಕಿಣ್ವವು ವಿಕಿರಣಶೀಲ ಫ್ಲೋರಿನ್-18 ಹೊತ್ತ ಎಫ್‌ಎಚ್‌ಬಿಜಿ ಎಂಬ ಅಣುವಿಗೆ ಫಾಸ್ಫೇಟ್ ಸೇರಿಸಿ ಅದನ್ನು ಕೋಶದೊಳಗೇ ಸಿಲುಕಿಸುತ್ತದೆ. ಅದೇ ಕಿಣ್ವ ಗ್ಯಾನ್‌ಸಿಕ್ಲೋವಿರ್ ಔಷಧವನ್ನು ಕೋಶಕ್ಕೆ ಮಾರಕವಾಗಿಸುವುದರಿಂದ ಚಿಕಿತ್ಸೆಯೂ ಗುರುತೂ ಒಂದೇ ಜೀನ್‌ನಲ್ಲಿ ದೊರೆಯುತ್ತವೆ. ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಸಮಯ) ಸುಮಾರು 110 ನಿಮಿಷ ಮಾತ್ರ, ಹಾಗಾಗಿ ಸಮಯಪಾಲನೆ ಕಟ್ಟುನಿಟ್ಟಾಗಿರಬೇಕು. ವೈರಸ್‌ನ ಪ್ರೋಟೀನಿಗೆ ದೇಹದ ಪ್ರತಿರಕ್ಷೆ ತಿರುಗಿಬೀಳಬಹುದು ಎಂಬ ಆತಂಕವೂ ಇದೆ.

ಆ ದೃಷ್ಟಿಯಿಂದ ಸೋಡಿಯಂ ಅಯೊಡೈಡ್ ವಾಹಕದ (ಅಯೊಡೈಡನ್ನು ಕೋಶದೊಳಗೆ ಸೆಳೆಯುವ ಪ್ರೋಟೀನಿನ) ಜೀನ್ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದು ಮಾನವನದೇ ಪ್ರೋಟೀನು. ಹಾಲೂಡಿಸುವ ಸ್ತನದಲ್ಲಿ ಸಹಜವಾಗಿಯೂ ಇರುತ್ತದೆ. ವಿಕಿರಣಶೀಲ ಟೆಕ್ನೀಷಿಯಂ-99ಎಂ ಬಳಸಿ, ಗಾಮಾ ಕಿರಣ ಗುರುತಿಸುವ ಸಾಮಾನ್ಯ ಗಾಮಾ ಕ್ಯಾಮೆರಾದಲ್ಲೇ ಅದನ್ನು ಕಾಣಬಹುದು. ಆದರೆ ಈ ವಾಹಕ ಸಹಜವಾಗಿಯೇ ಇರುವ ಥೈರಾಯ್ಡ್ ಮತ್ತು ಜಠರವೂ ಚಿತ್ರದಲ್ಲಿ ಹೊಳೆಯುತ್ತವೆ. ಗೆಡ್ಡೆಯಲ್ಲಿ ಸೇರಿದ ಅಯೊಡೈಡ್ ಬೇಗನೆ ಸೋರಿಯೂ ಹೋಗಬಹುದು.

ಮಿಂಚುಹುಳುವಿನಲ್ಲಿರುವಂಥ ಬೆಳಕು ಸೂಸುವ ಕಿಣ್ವವಾದ ಲೂಸಿಫೆರೇಸ್‌ನ ಬೆಳಕಿನ ವಿಧಾನ ಅಗ್ಗ ಮತ್ತು ಚುರುಕು. ಆದರೆ ಬೆಳಕು ಅಂಗಾಂಶದೊಳಗಿನಿಂದ ಹೆಚ್ಚು ದೂರ ಬಾರದ ಕಾರಣ ಅದು ಇಲಿಗಳ ಅಧ್ಯಯನಕ್ಕಷ್ಟೇ ಸಲ್ಲುತ್ತದೆ. ರೋಗಿಗಳ ಪ್ರಯೋಗಕ್ಕಾದರೆ, ಜೀನ್ ನೀಡಿದ ಆರಂಭದ ದಿನಗಳಲ್ಲಿ ಪೆಟ್ ಅಥವಾ ಗಾಮಾ ಚಿತ್ರಣವನ್ನೂ, ನಂತರದ ವಾರಗಳಲ್ಲಿ ಎಂಆರ್‌ಐಯನ್ನೂ ಜೋಡಿಸುವುದೇ ಸರಿಯಾದ ಆಯ್ಕೆ.