ಕೀಮೋ ನಡುವೆ ಆಕ್ಸಿಜನ್ ಚೇಂಬರ್: ಮಂಗಳೂರಿನ ಎರಡು ಕಡೆ ನಮಗಾದ ಅನುಭವ

ಹೆಸರು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ವೆಲ್‌ನೆಸ್ ಸೆಂಟರ್, ಇನ್ನೊಂದು ಆಸ್ಪತ್ರೆಯ ಹೈಪರ್‌ಬೇರಿಕ್ ವಿಭಾಗ (ಅಂದರೆ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಕಡೆ), ಎರಡೂ ಮಂಗಳೂರಿನಲ್ಲೇ ಇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ನಡೀತಾ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 27 ವರ್ಷ, ಹಾಡ್ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್. ಎಬಿವಿಡಿ ಅನ್ನುವ, ನಾಲ್ಕು ಮದ್ದು ಸೇರಿದ ಕೀಮೋ, ಎರಡು ವಾರಕ್ಕೊಮ್ಮೆ. ನಾಲ್ಕನೇ ಸಲ ಆಗುವಷ್ಟರಲ್ಲಿ ಹುಡುಗ ಸೋತು ಸುಣ್ಣವಾಗಿದ್ದ. ಆಗ ಚಿಕ್ಕಮ್ಮನ ಫೋನ್ ಬಂತು. "ಆಕ್ಸಿಜನ್ ಚೇಂಬರ್ ಅಂತ ಉಂಟಂತೆ, ಅದರಲ್ಲಿ ಮಲಗಿದರೆ ಸುಸ್ತೆಲ್ಲ ಹೋಗ್ತದಂತೆ, ಕ್ಯಾನ್ಸರ್ ಕೂಡ ಕಡಿಮೆ ಆಗ್ತದಂತೆ." ಅಮ್ಮ ಮರುದಿನವೇ ಹೊರಡಿಸಿದರು.

ವೆಲ್‌ನೆಸ್ ಸೆಂಟರಿನಲ್ಲಿ ಇದ್ದದ್ದು ಜಿಪ್ ಎಳೆದು ಗಾಳಿ ತುಂಬಿಸುವ ಚೀಲದಂಥ ಚೇಂಬರ್. ರಿಸೆಪ್ಶನ್‌ನಲ್ಲಿ ಹೆಸರು ಬರೆದುಕೊಂಡರು, 10 ಸಿಟ್ಟಿಂಗ್ ಪ್ಯಾಕೇಜ್ ತೋರಿಸಿದರು, ಮೊಬೈಲ್ ಒಳಗೇ ತಗೊಂಡು ಹೋಗಿ ವಿಡಿಯೋ ನೋಡಬಹುದು ಅಂದರು. ತಮ್ಮನ ತಲೆಯಲ್ಲಿ ಒಂದು ಕೂದಲಿಲ್ಲ, ಕೈಯಲ್ಲಿ ದಪ್ಪ ಫೈಲ್ ಇದೆ, ಆದರೂ ಯಾವ ಕೀಮೋ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ, ಕೀಮೋ ಮದ್ದಿಗೂ ಇದಕ್ಕೂ ಏನಾದರೂ ತೊಂದರೆ ಇದೆಯಾ ಅಂತ. "ಆಕ್ಸಿಜನ್ ಅಲ್ವಾ ಮೇಡಂ, ಅದರಿಂದ ಎಂತ ಆಗ್ತದೆ?" ಅಂದರು. ಆ ಮಾತು ಯಾಕೋ ಸರಿ ಅನ್ನಿಸಲಿಲ್ಲ. ದುಡ್ಡು ಕಟ್ಟದೆ ಬಂದೆವು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರ್ ಕುಳಿತ ಕೂಡಲೇ ಕೇಳಿದ್ದು ಕೀಮೋ ಚಾರ್ಟ್. ಒಂದೊಂದೇ ಸಾಲಿನ ಮೇಲೆ ಪೆನ್ನು ಇಟ್ಟು ಓದುತ್ತಾ ಬಂದರು. ಆ ನಾಲ್ಕರಲ್ಲಿ ಒಂದಾದ ಬ್ಲಿಯೋಮೈಸಿನ್ ಅಂತ ಇದ್ದಲ್ಲಿ ಪೆನ್ನು ನಿಂತಿತು. "ಒಣ ಕೆಮ್ಮು ಉಂಟಾ? ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದಾ?" ಅಂತ ತಮ್ಮನನ್ನು ಕೇಳಿದರು, ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. ಆಮೇಲೆ ಈಗ ಚೇಂಬರ್ ಬೇಡವೇ ಬೇಡ ಅಂದರು.

ಯಾಕೆ ಅಂತ ಅಮ್ಮನಿಗೂ ಅರ್ಥ ಆಗುವ ಹಾಗೆ ಬಿಡಿಸಿ ಹೇಳಿದರು. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ 21%. ಆಸ್ಪತ್ರೆಯ ಚೇಂಬರಿನಲ್ಲಿ 100%, ಅದೂ ಸಾಮಾನ್ಯವಾಗಿ ಹೊರಗಿನ ಒತ್ತಡದ 2ರಿಂದ 2.5 ಪಟ್ಟು ಒತ್ತಡದಲ್ಲಿ, ಒಂದು ಸಲಕ್ಕೆ ಸುಮಾರು 90 ನಿಮಿಷ. ಬ್ಲಿಯೋಮೈಸಿನ್ ಆಕ್ಸಿಜನ್ ಜೊತೆ ಸೇರಿಯೇ ಕ್ಯಾನ್ಸರ್ ಕೋಶದ ಡಿಎನ್‌ಎ ತುಂಡು ಮಾಡುವುದು. ಈ ಮದ್ದನ್ನು ಒಡೆದು ಹಾಕುವ ಎನ್‌ಜೈಮ್ ಶ್ವಾಸಕೋಶದಲ್ಲಿ ತುಂಬ ಕಡಿಮೆ, ಹಾಗಾಗಿ ಏಟು ಬೀಳುವುದು ಅಲ್ಲಿಗೇ. ಅದರ ಮೇಲೆ ಇಷ್ಟು ಆಕ್ಸಿಜನ್ ತುಂಬಿದರೆ ಶ್ವಾಸಕೋಶ ಇನ್ನೂ ಹಾಳಾಗಬಹುದು. ಎಬಿವಿಡಿಯಲ್ಲೇ ಇರುವ ಕೆಂಪು ಮದ್ದು, ಅಂದರೆ ಡಾಕ್ಸೊರುಬಿಸಿನ್, ಅದಕ್ಕೂ ಎಚ್ಚರ ಬೇಕು, ಮೊದಲೇ ಅದು ಹೃದಯಕ್ಕೆ ಭಾರ. ಸಿಸ್‌ಪ್ಲಾಟಿನ್ ಅನ್ನುವ ಇನ್ನೊಂದು ಕೀಮೋ ಮದ್ದು ತಗೊಳ್ಳುವವರಲ್ಲಿ ಗಾಯ ಮಾಯುವುದು ನಿಧಾನ ಆಗಬಹುದು ಅಂತ ಅದರ ಹೆಸರೂ ಎಚ್ಚರಿಕೆಯ ಪಟ್ಟಿಯಲ್ಲಿದೆ. ಎಲ್ಲ ಕೀಮೋಗೂ ಹೀಗೇ ಅಂತಲ್ಲ, ಮದ್ದಿನ ಹೆಸರು ನೋಡದೆ ಯಾರೂ ಹೇಳಲಿಕ್ಕಾಗುವುದಿಲ್ಲ.

"ಹಾಗಾದ್ರೆ ಕ್ಯಾನ್ಸರ್ ಕಡಿಮೆ ಆಗುದಿಲ್ವಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದರು. ಕೇಳುವಾಗ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಇದ್ದರು. ಆಕ್ಸಿಜನ್‌ನಿಂದ ಕ್ಯಾನ್ಸರ್ ಗುಣವಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಇಂಥ ಮಾತು ನಂಬಬೇಡಿ ಅಂದಿದೆ ಅಂತ ಡಾಕ್ಟರ್ ಮೆತ್ತಗೆ ಹೇಳಿದರು. ಈ ಚೇಂಬರ್ ನಿಜಕ್ಕೂ ಉಪಯೋಗಕ್ಕೆ ಬರುವ ಕಾಯಿಲೆಗಳು ಬೇರೆ ಇವೆ. ರೇಡಿಯೇಶನ್ ಆಗಿ ಎಷ್ಟೋ ಸಮಯದ ಮೇಲೆ ದವಡೆ ಮೂಳೆ ಸಾಯುವುದು, ಮೂತ್ರಕೋಶದಲ್ಲಿ ರಕ್ತ ಬರುವುದು, ಶುಗರ್ ಇರುವವರ ಮಾಯದ ಕಾಲಿನ ಹುಣ್ಣು, ಹೀಗೆ. ಎಲೆ ಅಡಿಕೆ, ತಂಬಾಕು ಹಾಕಿ ಬಾಯಿ ಕ್ಯಾನ್ಸರ್ ಆದವರು ನಮ್ಮ ಕಡೆ ಜಾಸ್ತಿ ಅಲ್ವಾ, ದವಡೆಗೆ ಅಂತ ಬಂದ ಅಂಥ ಒಬ್ಬರು ಅಜ್ಜ ಹೊರಗೆ ಕಾಯುತ್ತಾ ಕೂತಿದ್ದರು.

ಅಲ್ಲಿನ ಟೆಕ್ನಿಶಿಯನ್ ಬಗ್ಗೆ ಹೇಳಲೇಬೇಕು. ಆ ಅಜ್ಜನನ್ನು ಒಳಗೆ ಬಿಡುವ ಮೊದಲು ತಲೆ ಮುಟ್ಟಿ ನೋಡಿ "ತೆಂಗಿನೆಣ್ಣೆ ಹಾಕಿದ್ದೀರಲ್ಲ" ಅಂತ ವಾಪಸ್ ಕಳಿಸಿ, ಸೋಪು ಕೊಟ್ಟು ತೊಳೆಸಿದರು. ಹತ್ತಿ ಗೌನ್ ಬಿಟ್ಟು ಬೇರೆ ಬಟ್ಟೆ ಇಲ್ಲ, ಮೊಬೈಲ್ ಇಲ್ಲ, ವಾಚ್ ಇಲ್ಲ. ಶುದ್ಧ ಆಕ್ಸಿಜನ್ ಇರುವಲ್ಲಿ ಒಂದು ಕಿಡಿ ಸಾಕು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇಂಥ ಚೇಂಬರಿಗೆ ಬೆಂಕಿ ಹತ್ತಿ 5 ವರ್ಷದ ಮಗು ತೀರಿಕೊಂಡಿತು. ಅದನ್ನು ಓದಿದ ಮೇಲೆ, ಮೊಬೈಲ್ ಒಳಗೆ ತಗೊಂಡು ಹೋಗಿ ಅಂದದ್ದು ನೆನಪಾಗಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಸ್ಪತ್ರೆಯಲ್ಲಿ ನಮಗಾದ ಖರ್ಚು ಬರೀ ಕನ್ಸಲ್ಟೇಶನ್ ಫೀಸ್. ಕಾಯಬೇಕಾದ್ದು ಜಾಸ್ತಿ, ಮುಕ್ಕಾಲು ಗಂಟೆ, ಪಾರ್ಕಿಂಗ್ ಕೂಡ ಕಷ್ಟ. ಆದರೂ ನಾನು 5ಕ್ಕೆ 5 ಕೊಡುತ್ತೇನೆ. ಬರುವಾಗ ಡಾಕ್ಟರ್ ಫೈಲಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟರು: ಬ್ಲಿಯೋಮೈಸಿನ್ ಕೊಟ್ಟಿದೆ, ಮುಂದೆ ಯಾವ ಆಪರೇಶನ್ ಆದರೂ ಅನಸ್ತೇಶಿಯಾ ಡಾಕ್ಟರಿಗೆ ತಿಳಿಸಿ. ಸ್ಕೂಬಾ ಡೈವಿಂಗ್ ಕೂಡ ಕೇಳದೆ ಹೋಗಬೇಡ, ಎರಡರಲ್ಲೂ ಶ್ವಾಸಕೋಶಕ್ಕೆ ಆಕ್ಸಿಜನ್ ಜಾಸ್ತಿ ಸೇರಬಹುದು ಅಂದರು. ಕೀಮೋ ಮುಗಿದ ಮೇಲೆ ಗೆಳೆಯರ ಜೊತೆ ಸ್ಕೂಬಾ ಮಾಡಲಿಕ್ಕೆ ನೇತ್ರಾಣಿ ದ್ವೀಪಕ್ಕೆ ಹೋಗುವುದು ಅಂತ ನನ್ನ ತಮ್ಮ ಕನಸು ಕಟ್ಟಿಕೊಂಡಿದ್ದ. ದಾರಿಯಲ್ಲಿ ಕಾರಿನಲ್ಲೇ ಅವರಿಗೆ ಫೋನ್ ಮಾಡಿ, "ನೀವು ನೀರಿಗಿಳಿಯಿರಿ, ನಾನು ಬೋಟಿನಲ್ಲಿ ಕೂರ್ತೇನೆ" ಅಂದ.