ಸಿಪಿಎಂ 4 ಮಿ.ಗ್ರಾಂ ಗುಳಿಗೆ: ರಾತ್ರಿಗೆ ಸರಿ, ಮರುದಿನದ ಬೈಕಿಗೆ ಅಲ್ಲ

ಗಂಗಾವತಿ, ಕಾರಟಗಿ ಕಡೆ ಭತ್ತದ ಕಟಾವು ಶುರುವಾಯಿತೆಂದರೆ ಸೀನು, ಮೂಗು ಸೋರುವುದು, ಮೈ ತುರಿಕೆ ಮನೆಮನೆಯದ್ದು. ಆಗ ಕೈಗೆ ಬರುವುದು ಇದೇ ಪುಟ್ಟ ಅಲರ್ಜಿ ಗುಳಿಗೆ, ಕ್ಲೋರ್ಫೆನಿರಮೈನ್ ಮಾಲಿಯೇಟ್, ಚಿಕ್ಕದಾಗಿ ಸಿಪಿಎಂ. ಕೆಲಸದಲ್ಲಿ ಮೋಸವಿಲ್ಲ. ರಾತ್ರಿ ಊಟ ಮುಗಿಸಿ, ಹಾಸಿಗೆ ಹಾಸಿಟ್ಟು, ಒಂದು ಲೋಟ ನೀರಿನೊಡನೆ ನುಂಗಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಪಿತ್ತದ ಗಂಧೆ ಇಳಿಯತೊಡಗುತ್ತದೆ, ಮೂಗು ಒಣಗುತ್ತದೆ, ಕಣ್ಣೂ ಎಳೆಯುತ್ತದೆ. ರಾತ್ರಿಯೆಲ್ಲ ಕೆರೆದುಕೊಂಡು ಚರ್ಮ ಕಿತ್ತುಹೋಗುವವರಿಗೆ ಆ ನಿದ್ದೆಯೇ ಅರ್ಧ ಔಷಧ. ಬೆಲೆ ಯಾರಿಗೂ ಭಾರವಲ್ಲ.

ನನ್ನ ತಕರಾರು ಬೆಳಗಿನದು. ದೊಡ್ಡವರ ಮೈಯಿಂದ ಈ ಔಷಧದ ಅರ್ಧ ಪಾಲು ಹೋಗಲಿಕ್ಕೇ ಸುಮಾರು 20 ಗಂಟೆ ಬೇಕು. ರಾತ್ರಿ 9ಕ್ಕೆ ನುಂಗಿದ್ದರ ಅರ್ಧ ಮರುದಿನ ಸಂಜೆ 5ಕ್ಕೂ ಒಳಗೇ ಇರುತ್ತದೆ. ದಿನಾ ತೆಗೆದುಕೊಂಡರೆ ಹಳೆಯದರ ಮೇಲೆ ಹೊಸದು ಕೂಡುತ್ತದೆ. ಸೀನು, ತುರಿಕೆ ತರುವುದು ಮೈಯಲ್ಲೇ ಹುಟ್ಟುವ ಹಿಸ್ಟಮಿನ್ ಎಂಬ ರಾಸಾಯನಿಕ. ಮಿದುಳಿನಲ್ಲಿ ಎಚ್ಚರ ಕಾಯುವುದೂ ಅದೇ. ಈ ಗುಳಿಗೆ ಅಲ್ಲಿಗೂ ಹೋಗಿ ಅದನ್ನು ತಡೆಯುತ್ತದೆ. ತೂಕಡಿಕೆ ಇಲ್ಲ ಅನಿಸಿದರೂ ಬ್ರೇಕ್ ಹಿಡಿಯುವ ಕೈ ಒಂದು ಗಳಿಗೆ ತಡವಾಗಬಹುದು. ಮಿಲ್ಲಿನ ಬೆಲ್ಟ್ ಪಕ್ಕ ನಿಲ್ಲುವವರು, ಕಟಾವು ಮಷಿನ್ ಓಡಿಸುವವರು, ಹೊಸಪೇಟೆ ಹೆದ್ದಾರಿಯಲ್ಲಿ ಲಾರಿ ಹಿಡಿಯುವವರು ಇದನ್ನು ಹಗಲಿಗೆ ಮುಟ್ಟಲೇಬಾರದು. ಮೊದಲ ಸಲವಾದರೆ ಮರುದಿನ ರಜೆ ಇರುವ ರಾತ್ರಿ ತೆಗೆದುಕೊಂಡು, ಮೈ ಹೇಗೆ ತಡೆಯುತ್ತದೆ ನೋಡಿ. ಹೆಂಡ, ನಿದ್ದೆ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಇದರ ಜೊತೆ ಬೇಡವೇ ಬೇಡ. ಮಂಪರು ಮಿತಿಮೀರಿದರೆ ಉಸಿರೂ ಮಂದವಾಗುತ್ತದೆ.

ಇದಕ್ಕಿಂತ ಹೆಚ್ಚು ಬೇಸರ ತರಿಸುವುದು ಲೆಕ್ಕ ತಪ್ಪುವ ರೀತಿ. ನೆಗಡಿಗೆಂದು ಕೊಡುವ ಬಹಳಷ್ಟು ಗುಳಿಗೆಗಳಲ್ಲಿ ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್ ಜೊತೆ 2 ಮಿ.ಗ್ರಾಂ ಇದೇ ಔಷಧ ಸೇರಿರುತ್ತದೆ. ಕೆಮ್ಮಿನ ಸಿರಪ್ಪಿನಲ್ಲೂ ಇರಬಹುದು. ಮೂರನ್ನೂ ಕೂಡಿ ತೆಗೆದುಕೊಂಡವರು ಮೂರು ಬೇರೆ ಔಷಧ ಎಂದುಕೊಂಡಿರುತ್ತಾರೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಕ್ಲೋರ್ಫೆನಿರಮೈನ್ ಮಾಲಿಯೇಟ್’ ಇದೆಯೇ ನೋಡಿ, ಮಿ.ಗ್ರಾಂ ಕೂಡಿಸಿ. ದೊಡ್ಡವರಿಗೆ ಒಂದು ಸಲಕ್ಕೆ 4 ಮಿ.ಗ್ರಾಂ, ಎರಡರ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ 24 ಮಿ.ಗ್ರಾಂ ದಾಟಬಾರದು. ವಯಸ್ಸಾದವರಿಗೆ ದಿನಕ್ಕೆ 12 ಮಿ.ಗ್ರಾಂ ಸಾಕು. ಚಿಕ್ಕ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಕ್ಲೋರ್ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಕೂಡಿಸಿದ ಔಷಧವನ್ನು 4 ವರ್ಷದೊಳಗಿನವರಿಗೆ ಬಳಸಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ.

ನಮ್ಮ ಸೀಮೆಗೆ ಇನ್ನೊಂದು ಎಚ್ಚರಿಕೆ ಬೇಕು. ಬಾಯಿ, ಮೂಗು ಒಣಗಿಸುವ ಗುಣವೇ ಬೆವರನ್ನೂ ತಗ್ಗಿಸುತ್ತದೆ. ಬೇಸಿಗೆ ಬೆಳೆಯ ಕಟಾವು ಬರುವುದು ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ. ಬೆವರದ ಮೈ ಕಾದು ತಲೆ ಸುತ್ತುತ್ತದೆ. ಪ್ರಾಸ್ಟೇಟ್ ಊದಿದ ಹಿರಿಯರಿಗೆ ಮೂತ್ರ ಕಟ್ಟಬಹುದು, ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ ಏರಬಹುದು. ಫಿಟ್ಸ್‌ಗೆ ಫೆನಿಟೋಯಿನ್ ನುಂಗುವವರು ಮೊದಲು ವೈದ್ಯರಿಗೆ ಹೇಳಬೇಕು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರಂತೂ ಗುಳಿಗೆ ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು.

ಬರೀ ನಿದ್ದೆಗೆಂದು ನುಂಗುವುದು ದಂಡ. ಕೆಲವೇ ದಿನದಲ್ಲಿ ಮೈ ಒಗ್ಗಿ ನಿದ್ದೆ ಕಡಿಮೆಯಾಗುತ್ತದೆ, ಬಾಯಿ ಒಣಗುವುದು, ಮಲಬದ್ಧತೆ ಉಳಿಯುತ್ತವೆ.

ರಾತ್ರಿಯ ತುರಿಕೆಗೆ 5ಕ್ಕೆ 4, ಹಗಲಿಗೆ 1 ಅಂಕ. ಹಗಲು ದುಡಿಯುವವರು ಮಂಪರು ಕಡಿಮೆ ತರುವ ಅಲರ್ಜಿ ಗುಳಿಗೆಗಳಾದ ಲೊರಾಟಡಿನ್ ಅಥವಾ ಫೆಕ್ಸೋಫೆನಡಿನ್ ಬಗ್ಗೆ ವೈದ್ಯರನ್ನು ಕೇಳಲಿ. ಸೆಟಿರಿಜಿನ್ ಅಗ್ಗವಾದರೂ ಕೆಲವರಿಗೆ ಅದೂ ಮಂಪರೇ. ಮೆಡಿಕಲ್ ಶಾಪಿನಲ್ಲಿ ನಾಲ್ಕು ಗುಳಿಗೆ ಕತ್ತರಿಸಿ ಕೊಡುವಾಗ ಔಷಧದ ಹೆಸರು, ಅವಧಿ ಮುಗಿಯುವ ತಾರೀಖು ಅಂಗಡಿಯ ತುಂಡಿನಲ್ಲೇ ಉಳಿಯುತ್ತವೆ. ಅವು ಇರುವ ತುದಿಯನ್ನೇ ಕೇಳಿ, ಇಲ್ಲವೇ ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳಿ.