ಹವ್ಯಾಸದ ವಿಡಿಯೊಗೆ ಯೂಟ್ಯೂಬ್ ಕೊಡುವ ಕೂಲಿ: ಪಾರ್ಟ್ನರ್ ಪ್ರೋಗ್ರಾಂ ಹೇಗಿದೆ?

ಹಳೆಯ ಗೋಡೆ ಗಡಿಯಾರಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ವಿಡಿಯೊಗಳನ್ನು ಮಾಡುವುದು ನನ್ನ ಬಹುಕಾಲದ ಹವ್ಯಾಸ. ಅದರಿಂದ ನಾಲ್ಕು ಕಾಸು ಬರಲಿ ಎಂಬ ಆಸೆಯಿಂದ ಜಾಹೀರಾತಿನ ಆದಾಯದಲ್ಲಿ ವಿಡಿಯೊ ಮಾಡುವವರಿಗೂ ಪಾಲು ಕೊಡುವ ಯೂಟ್ಯೂಬಿನ ಪಾರ್ಟ್ನರ್ ಪ್ರೋಗ್ರಾಂ ಸೇರಿ ಎರಡು ವರ್ಷಗಳಾದವು. 2007ರಿಂದ ನಡೆದುಬಂದಿರುವ ಈ ಸೇವೆಯನ್ನು ಕೂಲಿ ಕೊಡುವ ಧಣಿಯನ್ನು ಅಳೆಯುವಂತೆಯೇ ಅಳೆಯಬೇಕು ಎಂದು ನನಗೆ ಅನಿಸುತ್ತದೆ: ಲೆಕ್ಕ ಸ್ಪಷ್ಟವಾಗಿದೆಯೇ, ಹಣ ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಕೆಲಸ ಕಲಿಯುವುದಕ್ಕೆ ಅವಕಾಶವಿದೆಯೇ?

ಬಾಗಿಲು ದಾಟುವುದೇ ಕಷ್ಟದ ಕೆಲಸ. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ ಹಿಂದಿನ 90 ದಿನಗಳಲ್ಲಿ ಚುಟುಕು ವಿಡಿಯೊಗಳಾದ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆಂದು ಇಟ್ಟುಕೊಂಡರೂ ವಿಡಿಯೊಗಳು 60,000 ಸಲ ಓಡಬೇಕು. ಈ 12 ತಿಂಗಳ ಲೆಕ್ಕ ದಿನದಿನವೂ ಮುಂದೆ ಸರಿಯುತ್ತಿರುವುದರಿಂದ ಹೋದ ವರ್ಷದ ಗಂಟೆಗಳು ಹಿಂದಿನಿಂದ ಉದುರುತ್ತಲೇ ಇರುತ್ತವೆ. 3,700 ಗಂಟೆ ದಾಟಿದ್ದ ನಾನು ಎರಡು ತಿಂಗಳು ಏನನ್ನೂ ಹಾಕಲಾಗದೆ ಹೋದಾಗ ಅಂಕಿ 3,200ಕ್ಕೆ ಇಳಿದಿತ್ತು. ಶಾರ್ಟ್ಸ್ ಫೀಡಿನಲ್ಲಿ ಕಳೆದ ಸಮಯ ಈ ಗಂಟೆಗಳಿಗೆ ಸೇರುವುದಿಲ್ಲ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. 2023ರಲ್ಲಿ 500 ಚಂದಾದಾರರ ಚಿಕ್ಕ ಮೆಟ್ಟಿಲೊಂದನ್ನು ಸೇರಿಸಿದ್ದಾರೆ. ಅಲ್ಲಿ ವೀಕ್ಷಕರು ನೇರವಾಗಿ ಕೊಡುವ ಹಣ ಪಡೆಯಬಹುದೇ ಹೊರತು ಜಾಹೀರಾತಿನ ಪಾಲು ಇಲ್ಲ.

ಪಾಲಿನ ಲೆಕ್ಕ ಮಾತ್ರ ಮೆಚ್ಚುವಂಥದ್ದು. ಉದ್ದದ ವಿಡಿಯೊಗಳ ಜಾಹೀರಾತಿನ ಆದಾಯದಲ್ಲಿ ಶೇ. 55, ಶಾರ್ಟ್ಸ್‌ನಲ್ಲಿ ನಮಗೆ ಹಂಚಿಕೆಯಾದ ಮೊತ್ತದಲ್ಲಿ ಶೇ. 45, ವೀಕ್ಷಕರು ತಿಂಗಳು ತಿಂಗಳು ಕಟ್ಟುವ ಸದಸ್ಯತ್ವ ಮತ್ತು ವಿಡಿಯೊ ಮೆಚ್ಚಿ ಕೊಡುವ ಸೂಪರ್ ಥ್ಯಾಂಕ್ಸ್‌ನಲ್ಲಿ ಶೇ. 70 ನಮ್ಮದು. ಎಂಟು ನಿಮಿಷ ಮೀರಿದ ವಿಡಿಯೊದ ನಡುವೆಯೂ ಜಾಹೀರಾತು ಹಾಕಬಹುದಾದ್ದರಿಂದ ಎಲ್ಲವನ್ನೂ ಎಂಟಕ್ಕೆ ಎಳೆಯುವ ಆಸೆ ಹುಟ್ಟುತ್ತದೆ. ಮುಳ್ಳು ಹೊಂದಿಸುವ ಐದು ನಿಮಿಷದ ಕೆಲಸವನ್ನು ಹಾಗೆ ಎಳೆದರೆ ನೋಡುವವರು ಎದ್ದು ಹೋಗುತ್ತಾರೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ಆದ ಮೇಲೆ ಮರುತಿಂಗಳ 21ರಿಂದ 26ರೊಳಗೆ ಹಣ ಪಾವತಿಯಾಗುತ್ತದೆ. ಚಿಕ್ಕ ಚಾನೆಲ್ಲಿಗೆ ಆ 100 ಡಾಲರ್ ಕೂಡಿಬರುವುದಕ್ಕೆ ಹಲವು ತಿಂಗಳು ಹಿಡಿಯಬಹುದು, ಆದ್ದರಿಂದ ಇದನ್ನು ನಂಬಿ ಕೈಯಲ್ಲಿರುವ ಕೆಲಸ ಬಿಡಬಾರದು.

ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬೆಲೆ ಇರುವುದು ಚಾನೆಲ್ ನೋಡಿಕೊಳ್ಳುವ ಸಲಕರಣೆಯಾದ ಯೂಟ್ಯೂಬ್ ಸ್ಟುಡಿಯೊ ತೋರಿಸುವ ಒಂದು ಗೆರೆಯಲ್ಲಿ. ವೀಕ್ಷಕರು ಯಾವ ಕ್ಷಣದವರೆಗೆ ಉಳಿದರು, ಎಲ್ಲಿ ಬಿಟ್ಟುಹೋದರು ಎಂಬುದನ್ನು ಅದು ಹೇಳುತ್ತದೆ. ನನ್ನ ಎಲ್ಲ ವಿಡಿಯೊಗಳಲ್ಲೂ ಗೆರೆ ಮೊದಲ 40 ಸೆಕೆಂಡಿನಲ್ಲೇ ಜಾರುತ್ತಿತ್ತು. ಅಷ್ಟೂ ಹೊತ್ತು ನಾನು ನಮಸ್ಕಾರ, ಪರಿಚಯ, ಹಿಂದಿನ ವಿಡಿಯೊದ ಮಾತುಗಳಲ್ಲೇ ಇರುತ್ತಿದ್ದೆ. ಆಮೇಲೆ ನಿಂತುಹೋದ ಲೋಲಕದಿಂದಲೇ ಶುರುಮಾಡಿದೆ: ಬೆರಳು ತಾಗಿಸುತ್ತೇನೆ, ಅದು ಎರಡು ಸಲ ಓಲಾಡಿ ಮತ್ತೆ ನಿಲ್ಲುತ್ತದೆ, ಮಾತಿಲ್ಲ. ಗೆರೆ ಅಲ್ಲಿ ನೇರವಾಗಿ ನಿಂತಿತು. ಇಂಥ ಪಾಠವನ್ನು ಯಾವ ತರಬೇತಿಯೂ ಇಷ್ಟು ನಿಖರವಾಗಿ ಕೊಡಲಾರದು, ಮೇಲಾಗಿ ಇದು ಪ್ರೋಗ್ರಾಂಗೆ ಸೇರುವ ಮೊದಲೇ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ.

ಕೃತಿಸ್ವಾಮ್ಯದ ವ್ಯವಸ್ಥೆಯ ಬಗ್ಗೆ ನನಗೆ ಒಂದು ತಕರಾರಿದೆ. ಪಕ್ಕದ ಕೋಣೆಯ ರೇಡಿಯೊದಲ್ಲಿ ಬರುತ್ತಿದ್ದ ಹಾಡು 20 ಸೆಕೆಂಡು ಧ್ವನಿಮುದ್ರಣದಲ್ಲಿ ಸೇರಿಕೊಂಡಿದ್ದಕ್ಕೆ ಸಂಗೀತ ಸಂಸ್ಥೆಯೊಂದರ ಹಕ್ಕುಮಂಡನೆ ಬಂದು ಆ ವಿಡಿಯೊದ ಗಳಿಕೆ ಅವರ ಕಡೆಗೆ ಹೋಯಿತು. ಸ್ಟುಡಿಯೊದಲ್ಲೇ ಆ ತುಣುಕನ್ನು ಮೌನಗೊಳಿಸುವ ಸೌಲಭ್ಯವಿದ್ದದ್ದರಿಂದ ವಿಡಿಯೊ ಉಳಿಯಿತು. ಆದರೆ ಹಕ್ಕುಮಂಡನೆಯೇ ತಪ್ಪಾಗಿದ್ದಾಗ ನಾವು ಸಲ್ಲಿಸುವ ಆಕ್ಷೇಪ ಮೊದಲು ಹೋಗುವುದು ಹಕ್ಕು ಮಂಡಿಸಿದವರ ಬಳಿಗೇ, ಉತ್ತರಿಸಲು ಅವರಿಗೆ 30 ದಿನಗಳ ಕಾಲಾವಕಾಶವೂ ಇದೆ. ಮೂರನೆಯವರೊಬ್ಬರು ಮೊದಲೇ ನೋಡುವಂತಾದರೆ ಚಿಕ್ಕ ಚಾನೆಲ್ಲುಗಳಿಗೆ ನ್ಯಾಯ ಸಿಗುತ್ತದೆ.

ಜಾಹೀರಾತಿಗಿಂತ ಹೆಚ್ಚಿನ ಹಣ ನನಗೆ ಬಂದದ್ದು ಬೇರೊಂದು ದಾರಿಯಿಂದ. ಲೋಲಕದ ವಿಡಿಯೊ ನೋಡಿದ ಮರಗೆಲಸದವರೊಬ್ಬರು, ತಮ್ಮ ಕೈಕೆಲಸವನ್ನೂ ಅಷ್ಟೇ ಹತ್ತಿರದಿಂದ, ಅಷ್ಟೇ ಮೌನವಾಗಿ ಚಿತ್ರೀಕರಿಸಿಕೊಡಬಹುದೇ ಎಂದು ಕೇಳಿ ಬರೆದರು. ಆಗ ನನ್ನ ಚಂದಾದಾರರು 600 ಮಾತ್ರ. ಅವರು ನನ್ನನ್ನು ಹುಡುಕಿಕೊಂಡದ್ದು ಚಾನೆಲ್ ವಿವರಣೆಯಲ್ಲಿ ಬರೆದಿದ್ದ ಇಮೇಲ್ ವಿಳಾಸದಿಂದ.